ಬೋರಲಿಂಗಯ್ಯನವರ ಭಿತ್ತಿವಿಜಯ

ಎಲೈ ಸಪ್ತವರ್ಣೇಶ್ವರಿಯೇ, ಕುಂಚಾಗ್ರವಾಸಿನಿಯೇ, ಟರ್ಪೆಂಟೈನ್‌ಗಂಧಲೋಲೆಯೇ, ಬಂದು ಈ ಬಡ ಕಥಕನ ನಾಲಗೆಯ ಮೇಲೆ ನೆಲೆಗೊಳ್ಳು. ಜಾಗ ಇಕ್ಕಟ್ಟು, ಸ್ವಲ್ಪ ಹೊಂದಿಸಿಕೊ. ನಿವೃತ್ತರಾದವರೆಲ್ಲ ಕುಂಚ ಹಿಡಿದ, ಕುಂಚ ಹಿಡಿದವರೆಲ್ಲ ಕಲಾವಿದರಾದ, ಕಲಾವಿದರಿಗೆಲ್ಲ ಭೂಮಂಡಲದ ಗೋಡೆಗಳು ಸಾಲದೆ ಹೋದ ಆ ಮಹಾಯುಗದಲ್ಲಿ, ತುಮಕೂರೆಂಬ ಪುರದಲ್ಲಿ, ಬಸ್ ಡಿಪೋದ ಮೇಲ್ವಿಚಾರಕಸಿಂಹಾಸನದಿಂದ ಸಕಾಲದಲ್ಲಿ ಇಳಿದವರೂ, ಪೌರಾಣಿಕ ನಾಟಕಗಳಲ್ಲಿ ರಾಜಪಾರ್ಟು ಕಟ್ಟಿ ಕಟ್ಟಿ ಮೈಕಿನ ಹಂಗು ಕಳೆದುಕೊಂಡವರೂ, ತೈಲವರ್ಣಸಾಗರತರಣಚತುರರೂ, ಮಹಾಚಿತ್ರಪಟಧುರಂಧರರೂ ಆದ ಬೋರಲಿಂಗಯ್ಯನವರು ಒಂದು ಭಾನುವಾರ ಬೆಳಿಗ್ಗೆ ಗೋಡೆಯೊಂದನ್ನು ಗೆಲ್ಲಲು ಹೊರಟ ವೃತ್ತಾಂತವನ್ನು ನನ್ನಿಂದ ಹಾಡಿಸು. ನನಗೆ ಹಾಡು ಬಾರದು, ಹೇಳಿಸಿದರೂ ಸಾಕು.

ಆ ವೀರನ ಎದೆಯಲ್ಲಿ ಹಳೆಯ ಬಾಣವೊಂದು ನಾಟಿತ್ತು. ಎಂಟನೇ ತರಗತಿಯಲ್ಲಿ ಅವರು ಬರೆದ ಆನೆಯನ್ನು ಡ್ರಾಯಿಂಗ್ ಮೇಷ್ಟ್ರು ಕಾಳಾಚಾರ್ ಅವರು ಎತ್ತಿ ಹಿಡಿದು, ಹಿಂದೆ ಮುಂದೆ ತಿರುಗಿಸಿ, "ಅಕ್ಕಿಮೂಟೆ ಚೆನ್ನಾಗಿದೆ ಕಣೋ, ಬಾಯಿ ಕಟ್ಟೋದು ಮರೆತಿದ್ದೀಯ" ಎಂದಿದ್ದರು. ಇಡೀ ತರಗತಿ ನಕ್ಕಿತ್ತು. ಆಮೇಲೆ ಮದುವೆಯಾಯಿತು, ಮಕ್ಕಳಾದರು, ಡಿಪೋದೊಳಗೆ ಎಷ್ಟೋ ಬಸ್ಸುಗಳು ಬಂದು ಮುದಿಯಾಗಿ ಗುಜರಿಗೆ ಹೋದವು. ಆ ನಗು ಮಾತ್ರ ಕಿವಿಯಿಂದ ಹೋಗಲಿಲ್ಲ. ನಿವೃತ್ತರಾದ ಮರುವಾರವೇ ಅವರು ಬಣ್ಣ ಕೊಂಡರು, ನಿಸರ್ಗ ಕುಂಚ ಬಳಗಕ್ಕೆ ಸೇರಿದರು. ಈಗ ಬಳಗದ ಐವರು ಸದಸ್ಯರು, ತಮ್ಮಲ್ಲೇ ಒಬ್ಬರಾದ ಗಿರಿಜಾಂಬ ಅವರ ಮನೆಯ ನಡುಮನೆಯಲ್ಲಿ ಪ್ರಕೃತಿಚಿತ್ರಗಳ ಪ್ರದರ್ಶನ ಏರ್ಪಡಿಸಿದ್ದರು. ಉದ್ಘಾಟನೆಗೆ ಒಪ್ಪಿದ್ದವರು, ಎಂಬತ್ತು ದಾಟಿದ ಅದೇ ಕಾಳಾಚಾರ್ ಮೇಷ್ಟ್ರು.

ಬೋರಲಿಂಗಯ್ಯನವರಿಗೆ ನಿದ್ದೆ ಹಾರಿಹೋಗಿತ್ತು. ಈ ಸಲ ಮೇಷ್ಟ್ರು ಹೊಸಿಲು ದಾಟಿದೊಡನೆ ಅವರ ಮೊದಲ ನೋಟ ತಮ್ಮ ಆರಡಿ ಎತ್ತರದ ಜಲಪಾತದ ಮೇಲೆಯೇ ಬೀಳಬೇಕು. ಅದಕ್ಕೆ ಬೇಕಾದದ್ದು ಒಂದೇ: ಬಾಗಿಲಿಗೆ ನೇರ ಎದುರಾಗಿ, ಕಿಟಕಿಯ ಬೆಳಕನ್ನೆಲ್ಲ ತಾನೇ ಕುಡಿಯುತ್ತಾ, ಚಕ್ರವರ್ತಿಯ ಎದೆಯಂತೆ ವಿಶಾಲವಾಗಿ ನಿಂತಿದ್ದ ಆ ಏಕೈಕ ಗೋಡೆ.

ಆದರೆ ಆ ಗೋಡೆಯ ಮುಂದೆ ಆಗಲೇ ಒಬ್ಬರು ನಿಂತಿದ್ದರು. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ, ಜಲವರ್ಣಸೂಕ್ಷ್ಮದರ್ಶಿನಿಯೂ ಕಟುಸತ್ಯವಾದಿನಿಯೂ ಆದ ವಿಮಲಾಕ್ಷಮ್ಮನವರು. ಅವರ ಕೈಯಲ್ಲಿ ನೋಟ್‌ಬುಕ್ಕಿನಷ್ಟೇ ಅಗಲದ ಚಿತ್ರವೊಂದಿತ್ತು: ತೊಂಡೆಬಳ್ಳಿ, ಅದರ ಒಂದು ಎಲೆ, ಎಲೆಯಂಚನ್ನು ತಿನ್ನುತ್ತಿರುವ ಒಂದು ಹಸಿರು ಹುಳು.

"ಬೋರಲಿಂಗಯ್ಯನೋರೆ, ಈ ಗೋಡೆ ನನಗೆ ಬೇಕು," ಎಂದರು.

ಆಗ ಆ ಮಹಾಪಟಧುರಂಧರನು ಹಣೆಯ ಬೆವರನ್ನು ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿಕೊಂಡು, ಬಲಗಾಲನ್ನು ಮುಂದಿಟ್ಟು, ನಾಟಕದ ರಂಗದ ಮೇಲೆ ನಿಂತಂತೆಯೇ ಗರ್ಜಿಸಿದನು: "ಎಲೌ ವಿಮಲಾಕ್ಷಿಯೇ, ಕೇಳುವಂಥವಳಾಗು! ಗಗನಚುಂಬಿಶಿಖರದಿಂದ ಧುಮ್ಮಿಕ್ಕುವ ಈ ಮಹಾಜಲಧಾರೆಯನ್ನು ಅಡುಗೆಮನೆಯ ಮೂಲೆಗೆ ತಳ್ಳುವ ಧೈರ್ಯ ಯಾವ ನರಮಾನವರಿಗುಂಟು? ನನ್ನ ಭುಜದಲ್ಲಿ ಬಲವಿರುವ ತನಕ, ನನ್ನ ಕೈಯಲ್ಲಿ ಈ ಡ್ರಿಲ್ಲಿಂಗ್ ಮಷೀನಿರುವ ತನಕ, ಈ ಭಿತ್ತಿಯು ನನ್ನದು! ನನ್ನದು! ನನ್ನದು!"

ಪಕ್ಕದ ಮನೆಯ ನಾಯಿ ಬೊಗಳಿತು. ವಿಮಲಾಕ್ಷಮ್ಮನವರು ಕದಲಲಿಲ್ಲ.

"ನಿಮ್ಮ ಜಲಪಾತನ ಎಲ್ಲಿ ತಗಲಾಕಿದರೂ ಕಾಣುತ್ತೆ. ಮಾಳಿಗೆ ಮೇಲೆ ನಿಲ್ಲಿಸಿದರೆ ಬಸ್ ಸ್ಟ್ಯಾಂಡಿಗೂ ಕಾಣುತ್ತೆ. ನನ್ನ ತೊಂಡೆಬಳ್ಳೀನ ಮೂಲೇಲಿಟ್ಟರೆ ಯಾರು ನೋಡ್ತಾರೆ? ಮೂರು ತಿಂಗಳು ಹಿತ್ತಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಬರೆದಿದೀನಿ. ಮಂಡಿ ಇನ್ನೂ ನೋಯುತ್ತೆ."

ಇದು ನ್ಯಾಯವಾದ ಮಾತೆಂದು ಬೋರಲಿಂಗಯ್ಯನವರಿಗೆ ತಕ್ಷಣ ಹೊಳೆಯಿತು. ಹೊಳೆದದ್ದಕ್ಕೇ ಇನ್ನಷ್ಟು ಕೋಪ ಬಂತು. ಉತ್ತರ ಹುಡುಕಿದರು, ರಾಜಪಾರ್ಟಿನ ಮಾತುಗಳೆಲ್ಲ ಕೈಕೊಟ್ಟವು. "ನಾನು ಮೊದಲೇ ಹೇಳಿದ್ದೆ," ಎಂದರು. ಮೊದಲು ಹೇಳಿರಲಿಲ್ಲ.

ವಿಮಲಾಕ್ಷಮ್ಮನವರು ತಮ್ಮ ಚಿತ್ರವನ್ನು ಅಲ್ಲೇ ಟೀಪಾಯಿಯ ಮೇಲಿಟ್ಟು, "ಗಿರಿಜಾ, ನೀನೇ ನ್ಯಾಯ ಹೇಳು," ಎಂದು ಅಡುಗೆಮನೆಯ ಕಡೆ ತಿರುಗಿದರು. ಗಿರಿಜಾಂಬ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. ಅವರ ಯಜಮಾನರು ಸೋಮಶೇಖರಯ್ಯ ಅತಿಥಿಗಳಿಗೆಂದು ಕೇಸರಿಬಾತು ತರಲು ಹೋಟೆಲಿಗೆ ಹೋಗಿದ್ದರು. ಫೋನು ಮನೆಯಲ್ಲೇ ಚಾರ್ಜಿಗಿತ್ತು. "ಗೋಡೆ ಯಾರಿಗಾದರೂ ಆಗಲಿ ಬೋರಣ್ಣ, ಅವರು ಬರೋ ತನಕ ತೂತು ಮಾತ್ರ ಹಾಕಬೇಡಿ. ಆ ಕಡೆ ಬಚ್ಚಲುಮನೆ. ಪೈಪು ಗೀಪು ಎಲ್ಲಿದೆಯೋ ನನಗಂತೂ ಗೊತ್ತಿಲ್ಲ."

ಕಾದು ಕೂತವನು ಗೆದ್ದ ವೀರಗಾಥೆ ಜಗತ್ತಿನಲ್ಲಿ ಎಲ್ಲಿಯಾದರೂ ಉಂಟೇ? ಮೇಷ್ಟ್ರು ಯಾವ ಗಳಿಗೆಯಲ್ಲಾದರೂ ಬರಬಹುದು. ತಾವು ಮಾಡುತ್ತಿರುವುದು ಹುಡುಗಾಟವೆಂದು ಬೋರಲಿಂಗಯ್ಯನವರಿಗೆ ಗೊತ್ತಿತ್ತು. ಆದರೆ ಅವರೊಳಗೆ ಆಗ ಇದ್ದದ್ದು ಹುಡುಗನೇ, ಅಕ್ಕಿಮೂಟೆಯನ್ನು ಬರೆದವನು. ಭಿತ್ತಿಭೇದನಭೀಷಣವೂ ಕರ್ಣಕಠೋರನಿನಾದವೂ ಆದ ಆ ಮಹಾಸ್ತ್ರವನ್ನು ಎರಡೂ ಕೈಗಳಲ್ಲಿ ಹಿಡಿದು ಗೋಡೆಗಿಟ್ಟು ಗುಂಡಿ ಒತ್ತಿದರು. ಮನೆ ನಡುಗಿತು. ಕೆಂಪು ಧೂಳು ಎದ್ದಿತು. ಇಟ್ಟಿಗೆ ಸೋತಿತು. ಇನ್ನೇನು ಜಯಘೋಷ ಮಾಡಬೇಕು ಎನ್ನುವಾಗ ಒಳಗಡೆ ಏನೋ ಟಕ್ಕೆಂದಿತು. ಬೈರಿಗೆಯನ್ನು ಹಿಂದೆಳೆದರು.

ಎಳೆದದ್ದೇ ತಡ, ಮಾಳಿಗೆಯ ಮೇಲಿನ ತೊಟ್ಟಿಯಲ್ಲಿ ಬೆಳಿಗ್ಗೆಯಷ್ಟೇ ತುಂಬಿದ ನೀರೆಲ್ಲ ಆ ಪುಟ್ಟ ರಂಧ್ರದಿಂದ ಬಿಲ್ಲಿನಂತೆ ಬಾಗಿ ಚಿಮ್ಮಿ ಅವರ ಕನ್ನಡಕಕ್ಕೆ ಬಡಿಯಿತು.

"ಅಯ್ಯೋ, ಕರೆಂಟು!" ಎಂದು ಕೂಗಿ ಗಿರಿಜಾಂಬ ಓಡಿ ಸ್ವಿಚ್ಚು ಆರಿಸಿದರು. ಬಳಗದ ಉಳಿದಿಬ್ಬರು ಕಾಡು, ಕೆರೆ, ಹುಲಿ, ಸೂರ್ಯಾಸ್ತಗಳನ್ನೆಲ್ಲ ಕಂಕುಳಲ್ಲಿ ಇರುಕಿಕೊಂಡು ಅಂಗಳಕ್ಕೆ ಧಾವಿಸಿದರು. ಹಿಂದಿರುಗಿ ಬಂದು ಆರಡಿಯ ಜಲಪಾತವನ್ನು ಗಾಯಾಳುವನ್ನು ಹೊರುವಂತೆ ಆ ತುದಿ ಈ ತುದಿ ಹಿಡಿದು ಹೊತ್ತೊಯ್ದರು. ಬೋರಲಿಂಗಯ್ಯನವರು ಮಂಜಾದ ಕನ್ನಡಕವನ್ನು ಕಿತ್ತು ನೋಡಿದಾಗ ಕಂಡದ್ದು ಒಂದೇ: ನೀರಿನ ಧಾರೆ ನೇರವಾಗಿ ಟೀಪಾಯಿಯತ್ತ ಬಾಗುತ್ತಿತ್ತು, ಟೀಪಾಯಿಯ ಮೇಲೆ ತೊಂಡೆಬಳ್ಳಿ ಮಲಗಿತ್ತು. ಅದಕ್ಕೆ ಗಾಜು ಹಾಕಿಸಿರಲಿಲ್ಲ. ಜಲವರ್ಣ. ನಾಲ್ಕು ಹನಿ ಬಿದ್ದರೆ ಹುಳುವೂ ಇಲ್ಲ, ಎಲೆಯೂ ಇಲ್ಲ.

ಏನು ಮಾಡುತ್ತಿದ್ದೇನೆಂದು ಯೋಚಿಸುವ ಮೊದಲೇ ಅವರ ಬಲಗೈ ಹೆಬ್ಬೆರಳು ಗೋಡೆಯ ತೂತಿನ ಮೇಲೆ ಕೂತಿತ್ತು.

ನೀರು ನಿಂತಿತು. ಎಡೆ ಸಿಕ್ಕಲ್ಲಿ ಮಾತ್ರ ಒಂದೊಂದು ಹನಿ ಅವರ ಮೊಣಕೈವರೆಗೆ ಇಳಿದು, ಇಸ್ತ್ರಿ ಮಾಡಿದ ಜುಬ್ಬದ ತೋಳಿನೊಳಕ್ಕೆ ಹೋಗುತ್ತಿತ್ತು. ವಿಮಲಾಕ್ಷಮ್ಮನವರು ತಮ್ಮ ಚಿತ್ರವನ್ನೆತ್ತಿ ಸೆರಗಿನಲ್ಲಿ ಮುಚ್ಚಿಕೊಂಡು, ಅದರ ಮೇಲೆ ಒಂದು ತೊಟ್ಟೂ ಬಿದ್ದಿಲ್ಲವೆಂದು ನೋಡಿಕೊಂಡು, ಆಮೇಲೆ ಅವರನ್ನು ನೋಡಿದರು.

"ಬೆರಳು ತೆಗೀಬೇಡಿ," ಎಂದರಷ್ಟೇ.

ಅಷ್ಟರಲ್ಲಿ ಬಾಗಿಲ ಮುಂದೆ ಆಟೋ ನಿಂತ ಸದ್ದಾಯಿತು. ಕೋಲೂರಿಕೊಂಡು, ಬಿಳಿ ಪಂಚೆಯ ಅಂಚನ್ನು ಎತ್ತಿಕೊಂಡು, ಕಾಳಾಚಾರ್ ಮೇಷ್ಟ್ರು ಹೊಸಿಲು ದಾಟಿದರು. ಅವರ ಮೊದಲ ನೋಟ ಎದುರಿನ ಗೋಡೆಯ ಮೇಲೆಯೇ ಬಿತ್ತು. ಅಲ್ಲಿ, ತಲೆಯಿಂದ ಪಾದದವರೆಗೆ ಕೆಂಪು ಕೆಸರಾಗಿ, ಗೋಡೆಗೆ ಹೆಬ್ಬೆಟ್ಟು ಒತ್ತುತ್ತಿರುವಂತೆ ಬೋರಲಿಂಗಯ್ಯನವರು ನಿಂತಿದ್ದರು.

"ನಮಸ್ಕಾರ ಸಾರ್," ಎಂದರು. ಕೈ ಮುಗಿಯುವಂತಿರಲಿಲ್ಲ.

"ನಮಸ್ಕಾರಪ್ಪ. ನಿನ್ನ ಹೆಸರೇನು?"

ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡಿದ್ದ ಶತ್ರುವಿಗೆ ತಮ್ಮ ಹೆಸರೇ ನೆನಪಿಲ್ಲ! ಬೋರಲಿಂಗಯ್ಯನವರಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಹೆಸರು ಹೇಳಿದರು. ಆನೆಯ ವಿಷಯವನ್ನೂ ಹೇಳಿದರು. ಮೇಷ್ಟ್ರು ಬಹಳ ಹೊತ್ತು ನೆನಪಿಸಿಕೊಳ್ಳಲು ನೋಡಿ, "ಇರಬಹುದಪ್ಪ. ಎಲ್ಲರಿಗೂ ಏನಾದರೊಂದು ಅಂತಿದ್ದೆ. ಆಗ ಬಾಯಿ ಜೋರಿತ್ತು," ಎಂದರು. "ಈಗ ಏನು ಬರೆದಿದ್ದೀಯ? ತೋರಿಸು."

ಬೋರಲಿಂಗಯ್ಯನವರು ತಮ್ಮ ಹೆಬ್ಬೆರಳನ್ನು ನೋಡಿದರು. ಅಂಗಳದ ಕಡೆ ನೋಡಿದರು. ಚಿತ್ರ ಹೊರಗಿದೆ, ತಾವು ಒಳಗಿದ್ದಾರೆ, ನಡುವೆ ಒಂದು ತೊಟ್ಟಿ ನೀರು.

ಆಗ ವಿಮಲಾಕ್ಷಮ್ಮನವರು ಚಿತ್ರವನ್ನು ಗಿರಿಜಾಂಬರ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿಕೊಂಡು ಬಂದರು. "ಜರುಗಿ. ನಾನು ಹಿಡ್ಕೋತೀನಿ. ನೀವು ಹೋಗಿ ತೋರಿಸಿ ಬನ್ನಿ."

"ನೀವು ಯಾಕೆ..."

"ಮಾತಾಡ್ತಾ ಕೂತರೆ ನನ್ನ ಮನಸ್ಸು ಬದಲಾಗುತ್ತೆ."

ಬೆರಳು ಬದಲಾಗುವ ಆ ಕ್ಷಣದಲ್ಲಿ ಇಬ್ಬರ ಮುಖಕ್ಕೂ ಸಮನಾಗಿ ನೀರು ಎರಚಿತು.

ಅಂಗಳದಲ್ಲಿ ಜಲಪಾತವನ್ನು ನುಗ್ಗೆಮರಕ್ಕೆ ಒರಗಿಸಿದ್ದರು. ಬಿಸಿಲಿನಲ್ಲಿ ಅದು ಅಷ್ಟು ದೊಡ್ಡದಾಗಿ ಕಾಣಲಿಲ್ಲ. ಮೇಷ್ಟ್ರು ಹತ್ತಿರ ಹೋದರು, ದೂರ ಬಂದರು, ಮತ್ತೆ ಹತ್ತಿರ ಹೋದರು. ಬೋರಲಿಂಗಯ್ಯನವರ ಜುಬ್ಬದಿಂದ ನೀರು ಸೋರಿ ಕಾಲಡಿಯ ಮಣ್ಣು ಕೆಸರಾಯಿತು.

"ನೀರು ಜಾಸ್ತಿಯಾಯ್ತು," ಎಂದರು ಮೇಷ್ಟ್ರು.

ವೀರನ ಕಿವಿಯಲ್ಲಿ ಇಡೀ ಎಂಟನೇ ತರಗತಿ ಮತ್ತೆ ನಕ್ಕಿತು.

ಮೇಷ್ಟ್ರು ಕೋಲಿನ ತುದಿಯಿಂದ ಚಿತ್ರದ ಕೆಳಮೂಲೆಯನ್ನು ತೋರಿಸಿದರು. ಅಲ್ಲೊಂದು ಒದ್ದೆ ಬಂಡೆಯಿತ್ತು. ಅಂಚು ಸವೆದು, ಒಂದು ಕಡೆ ಸ್ವಲ್ಪ ಹೊಳೆಯುತ್ತಿದ್ದ ಬಂಡೆ. "ಆದರೆ ಈ ಕಲ್ಲಿದೆಯಲ್ಲ, ಇದು ಕಲ್ಲು. ಇದನ್ನ ನೋಡಿ ಬರೆದಿದ್ದೀಯ. ನೀರನ್ನ ನೋಡದೇ ಬರೆದಿದ್ದೀಯ. ಹೌದೋ ಅಲ್ಲವೋ?"

ಹೌದು. ಜಲಪಾತವನ್ನು ಯಾರೋ ಫೋನಿಗೆ ಕಳಿಸಿದ್ದ ಶುಭೋದಯದ ಫೋಟೋದಿಂದ ಇಳಿಸಿದ್ದರು. ಆ ಜಾಗ ಎಲ್ಲಿದೆಯೆಂದು ಕೂಡ ಅವರಿಗೆ ಗೊತ್ತಿರಲಿಲ್ಲ. ಕಲ್ಲು ಮಾತ್ರ ಅವರದೇ ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲು. ದಿನಾ ಬೆಳಿಗ್ಗೆ ಅದರ ಮೇಲೆ ಕೂತು ಹಲ್ಲುಜ್ಜುತ್ತಿದ್ದರು. ಮೂಲೆ ಖಾಲಿ ಉಳಿಯಿತೆಂದು ಕೊನೆಗೆ ಸೇರಿಸಿದ್ದರು.

"ಹೌದು ಸಾರ್," ಎಂದರು. ಹೇಳುವಷ್ಟರಲ್ಲಿ ಅವರಿಗೆ ನಗು ಬಂತು, ತಡೆಯಲಾಗದಂಥ ನಗು. "ಬಟ್ಟೆ ಒಗೆಯೋ ಕಲ್ಲು ಸಾರ್ ಅದು!"

"ಯಾವುದಾದರೇನಂತೆ? ಚೆನ್ನಾಗಿದೆ," ಎಂದರು ಮೇಷ್ಟ್ರು. "ಒಳಗೆ ಆ ಯಮ್ಮನ ಸೆರಗಿನಲ್ಲಿ ಏನೋ ಪುಟ್ಟದೊಂದು ಇತ್ತಲ್ಲ, ಅದನ್ನೂ ನೋಡೋಣ ನಡಿ."

ಅವರು ಒಳಗೆ ಹೋಗುವುದಕ್ಕೂ ಸೋಮಶೇಖರಯ್ಯನವರು ಕೇಸರಿಬಾತಿನ ಡಬ್ಬಿಯೊಂದಿಗೆ ಬರುವುದಕ್ಕೂ ಸರಿಹೋಯಿತು. ಅವರು ಗೋಡೆಯನ್ನು, ನೆಲವನ್ನು, ವಿಮಲಾಕ್ಷಮ್ಮನವರ ಹೆಬ್ಬೆರಳನ್ನು ನೋಡಿ, ಡಬ್ಬಿಯನ್ನು ಕೆಳಗಿಟ್ಟು ಬಚ್ಚಲುಮನೆಗೆ ಹೋದರು. ಬಾಗಿಲ ಹಿಂದಿದ್ದ ಪುಟ್ಟ ವಾಲ್ವನ್ನು ಎರಡು ಬೆರಳಲ್ಲಿ ತಿರುಗಿಸಿದರು.

"ತೆಗೀರಿ," ಎಂದರು ಒಳಗಿಂದಲೇ.

ವಿಮಲಾಕ್ಷಮ್ಮನವರು ಬೆರಳು ತೆಗೆದರು. ನೀರು ಬರಲಿಲ್ಲ. ಎರಡು ಮಹಾಸೇನೆಗಳು ಕಾದಾಡಿದ ಆ ರಣಭೂಮಿಯ ಮಧ್ಯದಲ್ಲಿ, ಒಂದು ಕಡಲೆಕಾಳು ಹಿಡಿಸುವಷ್ಟು ತೂತಿತ್ತು.

ಪ್ರದರ್ಶನ ನುಗ್ಗೆಮರದ ಕೆಳಗೆ ನಡೆಯಿತು. ತೊಂಡೆಬಳ್ಳಿಯ ಮುಂದೆ ಮೇಷ್ಟ್ರು ಕುರ್ಚಿ ಹಾಕಿಸಿಕೊಂಡು ಕೂತರು; ಬೋರಲಿಂಗಯ್ಯನವರು ಅವರಿಗೆ ಹುಳು ಎಲ್ಲಿದೆಯೆಂದು ತೋರಿಸಿಕೊಟ್ಟರು, ಅದು ತಮ್ಮದೇ ಹುಳು ಎಂಬಂತೆ. ಮಾರನೆಯ ದಿನ ಪ್ಲಂಬರ್ ಬಂದು ಪೈಪಿಗೆ ತೇಪೆ ಹಾಕಿಹೋದ. ಸಿಮೆಂಟಿನ ಕಲೆ ಕಾಣಬಾರದೆಂದು ಗಿರಿಜಾಂಬ ಆ ಗೋಡೆಗೆ ದಿನಸಿ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ತೂಗುಹಾಕಿದ್ದಾರೆ. ಮನೆಗೆ ಬಂದವರೆಲ್ಲರ ಮೊದಲ ನೋಟ ಅದರ ಮೇಲೆಯೇ ಬೀಳುತ್ತದೆ. ಹೆಚ್ಚಿನವರು ಹತ್ತಿರ ಹೋಗಿ, ಅಮಾವಾಸ್ಯೆ ಯಾವತ್ತು ಎಂದು ನೋಡುತ್ತಾರೆ.