ರನ್‌ಡೌನ್‌ನ್ಯಾಗ ಸಿಕ್ಕ ಸಾಹೇಬ್ರು

ನಾಲ್ಕು ಮಂದಿ ಕೂಡಿ ದುಡಿಯೋ ಜಾಗಾದಾಗ ನಗೂ ಪ್ರಸಂಗಕ್ಕೇನು ಬರ ಇಲ್ಲ ನೋಡ್ರಿ. ಅದರಾಗ ಸಾಹೇಬರಿಗೊಂದು ಹೊಸ ಹುಚ್ಚು ಹಿಡೀತಂದ್ರ ಮುಗೀತು! ಎಂಬತ್ತರ ಆಸುಪಾಸಿನ ಮಾತು. ಪುಣೆಯ ಯೆರವಡಾ ಕಡೆ ಒಂದು ಕಾರಖಾನಿಯೊಳಗ ನಾನು ಟೆಂಪರರಿ ಗುಮಾಸ್ತ. ನಮ್ಮ ಹುಬ್ಬಳ್ಳಿ ಕಡೆಯ ಸಾಹೇಬರು ಟ್ರೇನಿಂಗಿಗಂತ ಅಮೆರಿಕಾಕ್ಕ ಹೋಗಿ, ಬರೂವಾಗ ಬೇಸ್‌ಬಾಲ್ ಹೊತ್ಕೊಂಡು ಬಂದ್ರು.

ಪಾಠ

"ರನ್‌ಡೌನ್ ಅಂದ್ರ, ಓಡಾವ ಎರಡು ಬೇಸಿನ, ಅಂದ್ರ ಅವ ಓಡಿ ಮುಟ್ಟಬೇಕಾದ ಠಾವಿನ ನಡುವ ಸಿಕ್ಕೊಂಡಾಗ, ಇಬ್ಬರು ಕೂಡಿ ಆ ಕಡೆ ಈ ಕಡೆ ಚೆಂಡು ಒಗಕೋತ ಅವನ್ನ ಹಿಡಿಯೂದು. ಕೈಯಾಗಿನ ಚೆಂಡು ಅವನ ಮೈಗೆ ಮುಟ್ಟಿಸಿದ್ರ ಔಟ್," ಅಂತ ಸಾಹೇಬರು ಬಿಡಿಸಿ ಹೇಳಿದ್ರು.

ಕಲಬುರ್ಗಿ ಕಡೆಯ ಫಿಟ್ಟರ್ ತಲಿ ಕೆರಕೊಂಡ. "ಹಗ್ಗ ಹರಕೊಂಡ ಕರಾ ನಾವು ಹಿಂಗೇ ಹಿಡೀತೀವ್ರಿ. ಇದಕ್ಕ ಅಷ್ಟು ದೂರ ಯಾಕ ಹೋಗಿದ್ರಿ?"

ಕಬಡ್ಡಿ

ನಮ್ಮ ವೆಲ್ಡರ್ ಊರಾಗ ಭಾರಿ ಕಬಡ್ಡಿ ಆಟಗಾರ. ಪ್ರ್ಯಾಕ್ಟೀಸಿನ್ಯಾಗ ಕ್ಯಾಂಟೀನಿನ ಅಡಗಿಯಾತ ನಡುವ ಸಿಕ್ಕ. ವೆಲ್ಡರ್ ಚೆಂಡು ಅತ್ತ ಬಿಸಾಕಿ, ಅವನ ಕಾಲು ಜಗ್ಗಿ ಕೆಡವಿ, ಎದಿ ಮ್ಯಾಲ ಕುಂತೇಬಿಟ್ಟ. "ಒಲಿ ಮ್ಯಾಲ ಹಾಲು ಉಕ್ಕತದೋ!" ಅಂತ ತೆಳಗಿದ್ದಾವ ಮರಾಠಿಯೊಳಗ ಹೊಯ್ಕೊಂಡ.

"ಚೆಂಡೆಲ್ಲೋ?" ಅಂತ ಸಾಹೇಬರು ಚೀರಿದ್ರು.

"ಚೆಂಡು ತಗೊಂಡು ಏನ್ ಮಾಡ್ತೀರಿ? ಮನಶ್ಯಾನೇ ಸಿಕ್ಕಾನಲ್ರಿ!"

ಮ್ಯಾಚು

ಆಗ ನನ್ನ ಲಗ್ನ ಗಟ್ಟಿಯಾಗಿತ್ತು. ಆದ್ರ ಮಾವನಾಗಾವ್ರು, "ಮೊದಲು ನೌಕರಿ ಪರ್ಮನೆಂಟ್ ಆಗಲಿ, ಆಮ್ಯಾಲ ಅಕ್ಕಿಕಾಳು," ಅಂತ ಪಟ್ಟು ಹಿಡಿದಿದ್ರು. ಅದಕ್ಕ ಸಹಿ ಹಾಕಾವ್ರು ಇದೇ ಸಾಹೇಬರು.

ಮ್ಯಾಚಿನ್ಯಾಗ ಅವರು ಎದುರು ತಂಡ. ಒಂದನೇ ಬೇಸಿನ್ಯಾಗ ಫಿಟ್ಟರ್, ಎರಡನೇದ್ರಾಗ ನಾನು, ನಮ್ಮಿಬ್ಬರ ನಡುವ ಸಿಕ್ಕೊಂಡ್ರು ಸಾಹೇಬರು! ಚೆಂಡು ನನ್ನ ಕೈಯಾಗ. "ಮುಟ್ಟಸೋ!" ಅಂತ ಮಂದಿ ಕೂಗತಾರ. ಸಾಹೇಬರನ್ನ ಔಟ್ ಮಾಡಿ ಲಗ್ನ ಕೆಡಿಸ್ಕೊಳ್ಳಲೇನ್ರಿ? ಚೆಂಡು ಫಿಟ್ಟರಿಗೆ ಒಗದೆ. ಆತ ಬಿಸಿ ಭಜಿ ಹಿಡದಾವ್ರಂಗ ನನಗೇ ತಿರುಗಿ ಒಗದ. ನಾ ಅವಗ, ಅವ ನನಗ. ಸಾಹೇಬರು ಹೊಟ್ಟಿ ಕುಣಿಸ್ಕೋತ ಅತ್ತ ಓಡಿ, ಇತ್ತ ಓಡಿ, ಕಡೀಕ ಮೊಣಕಾಲು ಹಿಡಕೊಂಡು ನಿಂತೇಬಿಟ್ರು.

"ಯಾರರೆ ಮುಟ್ಟಸ್ರೋ ಮಾರಾಯ್ರ, ಜೀವಾ ಹೋಗಾಕತ್ತದ! ಮುಟ್ಟಿಸಿದಾವನ್ನ ನಾಳೇನ ಪರ್ಮನೆಂಟ್ ಮಾಡ್ತೀನಿ!"

ನಮ್ಮಪ್ಪ ಹನುಮಪ್ಪ ದೇವರ ದಯಾ, ಚೆಂಡು ಆಗ ನನ್ನ ಕೈಯಾಗೇ ಇತ್ತು! ಓಡಿಹೋಗಿ ಬೆನ್ನಿಗೆ ಮುಟ್ಟಿಸಿದೆ. ಖುಷಿಗೆ ಕಣ್ಣಾಗ ನೀರು ಬಂತು.

ಸಾಹೇಬರು ಉಸ್ಸಂತ ಹೊಂಟ್ರು. ಆ ಕಡೆಯಿಂದ ಫಿಟ್ಟರ್ ಬಾಯಿ ಬಡಕೊಂಡ:

"ಸಾಹೇಬ್ರ, ಅಲ್ಲೇ ನಿಂದರ್ರಿ! ಏ, ಚೆಂಡು ಈ ಕಡೆ ಒಗಿಯೋ, ನಾನೂ ಟೆಂಪರರಿನೇ ಅದೀನಿ!"