ಸ್ಪ್ಯಾನಿಷ್ ಧಾಟಿಯ ಗಣಪತಿ

ಗೊತ್ತಿಲ್ಲದ ಭಾಷೆಯ ಹಾಡಿನಲ್ಲಿ ಒಂದು ಸುಖವಿದೆ: ಅರ್ಥ ನಮ್ಮ ಇಷ್ಟಕ್ಕೆ ಬಿಟ್ಟದ್ದು. ಆದರೆ ಮುಚ್ಚಿದ ಪಾತ್ರೆ ಕಂಡರೆ ಮುಚ್ಚಳ ಎತ್ತಿ ನೋಡುವ ಚಾಳಿ ನನಗೆ ಚಿಕ್ಕಂದಿನಿಂದ ಇದೆ. ಕೈ ಸುಟ್ಟುಕೊಂಡರೂ ಬಿಟ್ಟಿಲ್ಲ.

ಈ ಅರಬ್ ದೇಶದಲ್ಲಿ, ಸಬ್ಹಾನಿನ ನಮ್ಮ ಕಾರ್ಖಾನೆಗೆ ನಾನು ಹೋಗುವುದು ರಾಮಿರೋನ ಕಾರಿನಲ್ಲಿ. ಮೆಕ್ಸಿಕೋದವನು, ಯಂತ್ರಗಳ ರಿಪೇರಿಗೆ ಬಂದವನು. ಕಾರು ಹೊರಟರೆ ಸಾಕು, ಅವನ ಊರಿನ ಹಳೆಯ ಜನಪದ ಹಾಡುಗಳು ಶುರು: ಗಿಟಾರು, ತುತ್ತೂರಿ, ನಡುನಡುವೆ ಒಬ್ಬ ಗಂಡಸಿನ ಉದ್ದನೆಯ ಕೂಗು. ಅವುಗಳಲ್ಲೊಂದು ಕೂತಲ್ಲೇ ಕುಣಿಸುವಂತಿತ್ತು. ಮದುವೆ ಹಾಡೇ ಇರಬೇಕೆಂದು ನಾನೇ ತೀರ್ಮಾನಿಸಿ, ಆ ಧಾಟಿಗೆ ಗಣಪತಿಯ ಪದವೊಂದನ್ನು ಕೂಡಿಸಿ, ನಾವಿರುವ ಅಬ್ಬಾಸಿಯಾದ ಶುಕ್ರವಾರದ ಭಜನೆಗೆ ಕೊಟ್ಟುಬಿಟ್ಟೆ. ನಮ್ಮ ತುಳುವರ ಭಜನೆಯಲ್ಲಿ ಧಾಟಿ ಎಲ್ಲಿಯದೆಂದು ಯಾರೂ ಕೆದಕುವುದಿಲ್ಲ; ತಾಳಕ್ಕೆ ಕೂತರೆ ದೇವರಿಗೆ ಸಂದಿತು. ಕಿಟಕಿ ಮುಚ್ಚಿಕೊಂಡು ಮೆಲ್ಲಗೆ ಹಾಡಬೇಕಾದ ಫ್ಲಾಟಿನಲ್ಲೂ ಆ ಪದಕ್ಕೆ ಎಲ್ಲರ ದನಿ ಏರುತ್ತಿತ್ತು. ಹೇಳಿಕೊಡುವವಳು ನನ್ನ ಹೆಂಡತಿ ಸುಜಯಾ. ಹೊಗಳಿಸಿಕೊಳ್ಳುವವನು ನಾನು.

ಅಲ್ಲಿಗೆ ಬಿಡಬಹುದಿತ್ತು. ಕಳೆದ ಗುರುವಾರ ಕಾರಿನಲ್ಲಿ ಬೇರೊಂದು ಹಾಡು ಬರುತ್ತಿದ್ದಾಗ, "ಈ ಹಾಡಿನಲ್ಲಿ ಏನಾಗುತ್ತದೆ?" ಎಂದು ಕೇಳಿದೆ.

"ಅವನಿಗೆ ಅವಳೆಂದರೆ ಜೀವ. ಅವಳಿಗೆ ಇವನು ಬೇಡ. ಖಲಾಸ್," ಎಂದ ರಾಮಿರೋ.

ಮುಂದಿನದರಲ್ಲಿ? ಅವಳ ಕಿಟಕಿಯ ಕೆಳಗೆ ನಿಂತು ಹಾಡುತ್ತಾನೆ, ಅವಳು ತೆರೆಯುವುದಿಲ್ಲ. ಅದರ ಮುಂದಿನದರಲ್ಲಿ? ಇವನು ಊರನ್ನೇ ಬಿಡುತ್ತಾನೆ, ಅವಳಿಗೆ ಗೊತ್ತೂ ಆಗುವುದಿಲ್ಲ. ಅಷ್ಟರಲ್ಲಿ ನನ್ನ ಹಾಡು ಬಂತು. "ಇದು ಮದುವೆಯದು ತಾನೆ?" ಎಂದೆ.

"ಹೌದು ಭಾಯಿ, ಮದುವೆಯದೇ. ಅವಳದು. ಇವನು ಅಲ್ಲಿ ಗಿಟಾರು ಬಾರಿಸಲು ಬಂದವನು."

ಇಷ್ಟು ದುಃಖಕ್ಕೆ ಇಷ್ಟು ಕುಣಿತ ಯಾಕೆಂದು ಕೇಳಿದೆ. "ಮೆಲ್ಲಗೆ ಅತ್ತರೆ ಅವಳಿಗೆ ಕೇಳುವುದು ಹೇಗೆ?" ಎಂದ.

ಎರಡು ತಿಂಗಳಿಂದ ಗಣಪತಿಯ ಮುಂದೆ, ಹುಡುಗಿ ಒಲಿಯದವನ ಗೋಳಿನ ಧಾಟಿ ಹಾಡಿಸಿದ್ದೇನೆ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಸುಜಯಾಳಿಗೆ ಹೇಳಿದರೆ ಪದ ನಿಲ್ಲುತ್ತದೆ, ಪದದ ಜೊತೆ ನನ್ನ ಮಾನವೂ ಹೋಗುತ್ತದೆ. ಹೇಳದಿದ್ದರೆ ಮರುದಿನ ಭಜನೆಯಲ್ಲಿ ಯಾವ ಮುಖದಿಂದ ತಾಳ ಹಾಕಲಿ? ಶುಕ್ರವಾರ ಮಧ್ಯಾಹ್ನ, ರಾಮಿರೋನಿಂದ ಮೊಬೈಲಿಗೆ ಹಾಕಿಸಿಕೊಂಡ ಹಾಡುಗಳನ್ನೆಲ್ಲ ಇಯರ್‌ಫೋನ್ ಸಿಕ್ಕಿಸಿಕೊಂಡು ಒಂದೊಂದಾಗಿ ಕೇಳತೊಡಗಿದೆ. ಒಂದರಲ್ಲಾದರೂ ಅವಳು ತಿರುಗಿ ನೋಡಿದ್ದಾಳೋ, ಆ ಗಂಡಸಿನ ದನಿಯಿಂದ ತಿಳಿದೀತೆಂಬ ಆಸೆ.

ಸುಜಯಾ ಬಂದು ಕಿವಿಯಿಂದ ವೈರು ಎಳೆದಳು. ಗಾಬರಿಯಲ್ಲಿ ಎಲ್ಲವನ್ನೂ ಒಪ್ಪಿಕೊಂಡೆ.

"ಎಂತ ಮಾರಾಯ್ರೆ, ಅದರಲ್ಲಿ ತಪ್ಪೆಂತ ಉಂಟು?" ಎಂದಳು. "ದೇವರನ್ನು ಕರೆಯುವುದೂ ಹಾಗೆಯೇ ಅಲ್ವಾ? ಕರೆಯುವುದು ನಮ್ಮ ಕೆಲಸ. ತಿರುಗಿ ನೋಡುವುದು ಅವರಿಗೆ ಬಿಟ್ಟದ್ದು. ಪದ ಬಿಡ್ಲಿಕ್ಕಿಲ್ಲ."

ಎದೆಯ ಭಾರ ಇಳಿಯಿತು. ನಾನು ಎರಡು ತಿಂಗಳು ಕೇಳಿದರೂ ತಿಳಿಯದ ಹಾಡು ನಿನಗೆ ಒಂದು ನಿಮಿಷದಲ್ಲಿ ಹೇಗೆ ಅರ್ಥವಾಯಿತು ಎಂದು ಕುತೂಹಲದಿಂದ ಕೇಳಿದೆ.

"ಆಗದೆ ಎಂತ? ಊಟಕ್ಕೆ ಬನ್ನಿ ಅಂತ ಆಗಿಂದ ನಿಮ್ಮನ್ನು ನಾಲ್ಕು ಸಲ ಕರೆದೆ."

ಒಳಗೆ ಹೋಗಿ ಕೂತೆ. ಸಾರು ಆರಿತ್ತು, ಅವಳ ಊಟ ಮುಗಿದಿತ್ತು. ಪಾತ್ರೆ ತೊಳೆಯುತ್ತ ಅವಳು ಅದೇ ಧಾಟಿಯನ್ನು ಗುನುಗುತ್ತಿದ್ದಳು, ಗಣಪತಿಯ ಪದವಿಲ್ಲದೆ.