ಕೈ ಎತ್ತಬಾರದ ಆರು ವಾರ

"ಅಂಗೈ ಹುಣ್ಣಿಗೆ ಕನ್ನಡಿ ಬೇಕೆ" ಎಂದು ಅಜ್ಜಿ ಹೇಳುತ್ತಿದ್ದ ಗಾದೆಯನ್ನು ಬಾಲ್ಯದಲ್ಲಿ ನಾನು ಪೂರ್ತಿ ನಂಬಿದ್ದೆ. ಕನ್ನಡ ಎಂ.ಎ. ಮುಗಿಸಿ ಕೊಯಮತ್ತೂರಿನ ಅಂಚಿನ ಸಿಂಗಾನಲ್ಲೂರಿನ ಮನೆಗೆ ಮರಳಿದ ವರ್ಷ ಒಂದು ಸಂದೇಹ ಹುಟ್ಟಿತು: ಹುಣ್ಣು ಅಂಗೈಯಲ್ಲಿರದೆ ರವಿಕೆಯೊಳಗಿದ್ದರೆ? ಅದನ್ನು ಕನ್ನಡಿಗೂ ತೋರಿಸಬಾರದೆಂಬುದು ನಮ್ಮ ಮನೆಯ ತೀರ್ಮಾನ. ಹೀಗೆ ಮುಚ್ಚಿಟ್ಟ ಗಾಯದ ಸುತ್ತ ನಗೆಪಾಟಲುಗಳು ನೊಣಗಳಂತೆ ಮುತ್ತುತ್ತಲೇ ಇರುತ್ತವೆ. ಓಡಿಸೋಣವೆಂದರೆ ನನಗೆ ಕೈ ಎತ್ತುವ ಅನುಮತಿ ಇರಲಿಲ್ಲ.

ಪ್ರಾಯಕ್ಕೆ ಬಂದಾಗ ನನ್ನ ಬಲ ಸ್ತನ ಬೆಳೆಯಿತು, ಎಡದ್ದು ಬೆಳೆಯಲಿಲ್ಲ. ಹತ್ತು ವರ್ಷ ತಿರುಪ್ಪೂರಿನ ಬನಿಯನ್ ಕಾರ್ಖಾನೆಯ ಬಟ್ಟೆ ಚೂರುಗಳನ್ನು ಒಳಗೆ ತುಂಬಿಕೊಂಡು ಓಡಾಡಿದೆ. ಹಳಗನ್ನಡದ ಪಾಠ ಕೇಳುವಾಗಲೂ ನನ್ನ ಅರ್ಧ ಗಮನ ಅವು ಜಾರದಂತೆ ಕಾಯುವುದರಲ್ಲಿಯೇ ಕಳೆಯುತ್ತಿತ್ತು. ಕೊನೆಗೆ ಕೊಯಮತ್ತೂರಿನ ಶಸ್ತ್ರವೈದ್ಯರೊಬ್ಬರು ಎಡಗಡೆ ಸಿಲಿಕೋನಿನ ಚೀಲವೊಂದನ್ನು ಇಟ್ಟು ಹೊಲಿದರು. "ಆರು ವಾರ ಎರಡು ತೋಳೂ ಭುಜಕ್ಕಿಂತ ಮೇಲೇಳಬಾರದು. ಎತ್ತಬಾರದು, ಎಳೆಯಬಾರದು. ಚೀಲ ಜರುಗಿದರೆ ಮತ್ತೆ ಕೊಯ್ಯಬೇಕು. ಎರಡನೆಯ ಸಲವೂ ಸರಿಹೋಗುತ್ತದೆಂದು ನಾನು ಮಾತು ಕೊಡಲಾರೆ" ಎಂದರು.

ಏರಿದ್ದು ಇಳಿಯುತ್ತದೆ

ಎಂಟನೆಯ ದಿನ ಕಟ್ಟು ಬಿಚ್ಚಿದಾಗ ನಾನು ಕಂಡದ್ದು ನನ್ನ ಮೈಯೆಂದು ಒಪ್ಪಲು ಮನಸ್ಸು ಬರಲಿಲ್ಲ. ಎಡಗಡೆ ಹಳದಿಯೂ ನೀಲಿಯೂ ಆಗಿ, ಕಲ್ಲಿನಂತೆ ಬಿಗಿದು, ಕೊರಳೆಲುಬಿನ ಹತ್ತಿರ ಏರಿ ಕುಳಿತಿತ್ತು. ಮುಟ್ಟಿದರೆ ಬೇರೆ ಯಾರನ್ನೋ ಮುಟ್ಟಿದಂತೆ, ಸ್ಪರ್ಶವೇ ತಿಳಿಯುತ್ತಿರಲಿಲ್ಲ.

"ಅಯ್ಯೋ ಪಾವಂ, ಮೊದಲು ಎಡ ಕಡಿಮೆ ಇತ್ತು, ಈಗ ಬಲ ಕಡಿಮೆ ಆಯ್ತಲ್ಲ!" ಎಂದು ಅಮ್ಮ ಅತ್ತಳು.

ವೈದ್ಯರು ಸಮಾಧಾನ ಹೇಳಿದರು: "ಊತ ಇರುವ ತನಕ ಹೀಗೇ. ಬಿಗಿ ಕಳೆದಂತೆ ಎರಡು ಮೂರು ತಿಂಗಳಲ್ಲಿ ತಾನಾಗಿ ಕೆಳಗಿಳಿಯುತ್ತದೆ."

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು: "ಇಳಿಯೋದಾದ್ರೆ ಇಷ್ಟು ಕಷ್ಟಪಟ್ಟು ಎತ್ತಿಸಿದ್ದು ಯಾಕೆ, ಡಾಕ್ಟರೇ?"

ಪೊಳ್ಳಾಚಿಯ ಮದ್ದು

ಬೀದಿಯವರಿಗೆ ಅಮ್ಮ ಹೇಳಿದ್ದು, ನಾನು ಬಸ್ಸಿನಲ್ಲಿ ಬಿದ್ದು ಪಕ್ಕೆಲುಬು ಮುರಿದುಕೊಂಡೆನೆಂದು. ದಿಂಬುಗಳಿಗೆ ಒರಗಿ, ಕುಳಿತಂತೆಯೇ ಮಲಗುವವಳಿಗೆ ಅದು ಒಪ್ಪುವ ಸುಳ್ಳೇ. ಆದರೆ ಸುದ್ದಿ ಪೊಳ್ಳಾಚಿಯವರೆಗೆ ಹೋಯಿತು. ಅಮ್ಮನ ಚಿಕ್ಕಮ್ಮ ಅಲ್ಲಿ ಮುರಿದ ಎಲುಬು ಕಟ್ಟುವುದರಲ್ಲಿ ಹೆಸರಾದವಳು. ಅವಳು ಒಂದು ಡಜನ್ ಮೊಟ್ಟೆ, ಉದ್ದಿನ ಹಿಟ್ಟು, ಪಂಚೆ ಹರಿದ ಪಟ್ಟಿಗಳ ಸಮೇತ ಬಂದಿಳಿದಳು.

"ರವಿಕೆ ಬಿಚ್ಚು ಕಣ್ಣು" ಎಂದು ನಮ್ಮ ಕಡೆಯ ಮುದ್ದಿನ ಮಾತಿನಲ್ಲಿ ಕರೆದಳು. "ಮೊಟ್ಟೆ ಬಿಳಿ ಸವರಿ, ಉಸಿರು ನಿಲ್ಲೋ ಹಾಂಗೆ ಸುತ್ತಿಬಿಡ್ತೀನಿ."

ನಾನು ಅಮ್ಮನ ಮುಖ ನೋಡಿದೆ. ಒಂದು ನಿಜ ಹೇಳಿದ್ದರೆ ನಾನು ಪಾರಾಗುತ್ತಿದ್ದೆ. ಅವಳು ಗೋಡೆ ನೋಡಿದಳು. ನಾನು ಓಡಿಹೋಗಿ ಬಚ್ಚಲುಮನೆಯ ಅಗಳಿ ಹಾಕಿಕೊಂಡು ಒಂದು ಗಂಟೆ ಅಲ್ಲಿಯೇ ನಿಂತೆ. ಗಾಯದಲ್ಲಿ ಸೂಜಿ ಚುಚ್ಚಿದಂತಾಗುತ್ತಿತ್ತು. ಅಳುವುದಕ್ಕೂ ಭಯ, ಬಿಕ್ಕಿದರೆ ಹೊಲಿಗೆ ಜಗ್ಗುತ್ತಿತ್ತು.

ಹೊರಗೆ ಚಿಕ್ಕಜ್ಜಿಯ ತೀರ್ಪು ಕೇಳಿಸಿತು: "ಓಡಿದ ಓಟ ಕಂಡ್ಯಾ? ಎಲುಬು ಆಗಲೇ ಕೂಡ್ಕೊಂಡದೆ. ಮೊಟ್ಟೆ ನಾನು ವಾಪಸ್ ತಗೊಂಡು ಹೋಗ್ತೀನಿ."

ಕರಿಹಲಗೆಯ ಕೆಳಭಾಗ

ನಮ್ಮ ನೇಕಾರ ಬೀದಿಯಲ್ಲಿ ತಲೆಮಾರುಗಳಿಂದ ಕನ್ನಡ ಮಾತನಾಡುತ್ತಾರೆ, ಅಕ್ಷರ ಮಾತ್ರ ಯಾರಿಗೂ ಬಾರದು. ಅವರಿಗೆ ಕನ್ನಡ ಓದಲು ಕಲಿಸುವುದು ನನ್ನ ಜೀವನದ ವ್ರತವೆಂದು ನಿರ್ಧರಿಸಿದ್ದೆ. ಸಂಜೆಯ ಪಾಠಕ್ಕೆ ಆರು ಮಂದಿ ಬರುತ್ತಿದ್ದರು. ಆಪರೇಷನ್ ಆದ ಮೂರನೆಯ ವಾರ ಹಟಮಾಡಿ ಪಾಠ ಮತ್ತೆ ಆರಂಭಿಸಿದೆ. ತೋಳು ಏಳದ ಕಾರಣ, ಗೋಡೆಗೆ ತೂಗುಹಾಕಿದ್ದ ಕರಿಹಲಗೆಯ ಕೊನೆಯ ಗೇಣಿನಲ್ಲಿಯೇ ಅ ಆ ಇ ಈ ಬರೆಯಬೇಕಾಯಿತು. ಹಿಂದೆ ಕುಳಿತವರು ಕತ್ತು ಬಗ್ಗಿಸಿ, ಆಮೇಲೆ ನೆಲಕ್ಕೆ ಮೊಣಕೈ ಊರಿ ಓದಿದರು. ಮರುದಿನ ಬಂದವರು ಇಬ್ಬರೇ. ಕರಿಹಲಗೆಯ ಮುಕ್ಕಾಲು ಪಾಲು ಖಾಲಿಯಾಗಿ ನನ್ನನ್ನೇ ದಿಟ್ಟಿಸುತ್ತಿತ್ತು.

ಆ ಇಬ್ಬರಲ್ಲಿ ಒಬ್ಬರು ಮುದುಕ ನೇಕಾರರು. ಆ ಖಾಲಿ ಜಾಗವನ್ನು ತೋರಿಸಿ ಮೃದುವಾಗಿ ಕೇಳಿದರು: "ಮೇಲ್ಗಡೆ ಎಲ್ಲಾ ತಮಿಳಿಗೆ ಬಿಟ್ಕೊಟ್ಟುಬಿಟ್ಯಾ, ತಾಯೀ?"

ನಾಲ್ಕು ಎಳೆ

ಅದೇ ವಾರ ನನ್ನನ್ನು ನೋಡಲು ತಿರುಪ್ಪೂರಿನ ಕಡೆಯಿಂದ ವರನ ಮನೆಯವರು ಬಂದರು. ಮುಂದೂಡಿದರೆ ಅನುಮಾನ ಬರುತ್ತದೆಂಬುದು ಅಮ್ಮನ ವಾದ. ನಮ್ಮ ನೇಕಾರ ಮನೆಗಳಲ್ಲಿ ಹೆಣ್ಣಿನಿಂದ ಹಾಡು ಹೇಳಿಸುವುದಿಲ್ಲ. ಮಗ್ಗದಲ್ಲಿ ಕೂರಿಸಿ ನಾಲ್ಕು ಎಳೆ ನೇಯಿಸುತ್ತಾರೆ. ಬಲಗೈ ಹಗ್ಗ ಜಗ್ಗಿ ಲಾಳಿ ಓಡಿಸಬೇಕು, ಎಡಗೈ ಭಾರದ ಹಲಗೆಯನ್ನು ಎದೆಯ ಕಡೆಗೆ ಎಳೆದು ಬಡಿಯಬೇಕು. ಈ ಪದ್ಧತಿಯನ್ನು ನಾವೆಲ್ಲರೂ ಮರೆತಿದ್ದೆವು. ವರನ ತಾಯಿ ಮರೆತಿರಲಿಲ್ಲ.

"ಓದಿದ ಹುಡುಗಿ, ಶರಿ. ನಾಲ್ಕು ಎಳೆ ಹೊಡೆದು ಕಾಣಿಸು ಕಣ್ಣು."

"ಅವಳಿಗೆ ಪಕ್ಕೆಲುಬು ಮುರಿದದೆ" ಎಂದಳು ಅಮ್ಮ.

ಮುರಿದ ಎಲುಬಿಗಿಂತ ಗೌರವದ ಕಾಯಿಲೆ ಇರಲೆಂದೋ ಏನೋ, ಅಪ್ಪ ಅದೇ ಕ್ಷಣ, "ಹೃದಯ ಕೊಂಜಂ ವೀಕು" ಎಂದರು.

ಇಬ್ಬರನ್ನೂ ಕಾಪಾಡಲು ಸೋದರಮಾವ ನುಗ್ಗಿದರು: "ಅದೆಲ್ಲಾ ಇಲ್ಲ! ಹರಕೆ. ನಲವತ್ತೆಂಟು ದಿನ ಮಗ್ಗ ಮುಟ್ಟೋ ಹಾಂಗಿಲ್ಲ."

ವರನ ತಾಯಿ ಬೆರಳು ಮಡಚಿ ಎಣಿಸಿದಳು. "ಎಲುಬು ಮುರಿದು, ಹೃದಯ ಕೆಟ್ಟು, ಮೇಲೆ ಹರಕೆ ಬೇರೆ. ಏನಪ್ಪಾ, ಈ ಹುಡುಗಿ ಮುಹೂರ್ತದ ತನಕ ಇರ್ತಾಳಾ?"

ವರನೇ ಮೊದಲು ನಕ್ಕ. ಬಾಗಿಲಲ್ಲಿ ನಿಂತಿದ್ದ ನೆರೆಯವರೂ ನಕ್ಕರು. ಅಮ್ಮ ನನ್ನ ಕಿವಿಯ ಬಳಿ ಬಾಗಿ, "ಒಂದೇ ಒಂದು ಎಳೆ ಹೊಡೆದುಬಿಡು ಕಣ್ಣು, ಮಾನ ಉಳೀತದೆ" ಎಂದು ಬೇಡಿದಳು.

ನಾನು ಮಗ್ಗದ ಮುಂದೆ ಕಾಲಿಡುವ ಗುಂಡಿಗಿಳಿದು ಕುಳಿತೆ. ಎಡಗೈಯಿಂದ ಹಲಗೆ ಹಿಡಿದು ತುಸುವೇ ಎಳೆದಾಗ ಎದೆಯೊಳಗೆ ಹೊಲಿಗೆಯ ಉದ್ದಕ್ಕೂ ಉರಿ ಹರಿಯಿತು. ಹಲಗೆ ಬಿಟ್ಟು ಮೇಲೆದ್ದು ಎಲ್ಲರ ಎದುರು ನಿಂತೆ.

"ಎಲುಬು ಸರಿಯಾಗಿದೆ. ಹೃದಯವೂ ಸರಿಯಾಗಿದೆ. ಹರಕೆ ಇಲ್ಲ. ನನ್ನ ಎಡಗಡೆ ಎದೆ ಬೆಳೆದಿರಲಿಲ್ಲ, ಅದಕ್ಕೆ ಆಪರೇಷನ್ ಮಾಡಿಸಿಕೊಂಡಿದ್ದೀನಿ. ಇನ್ನೂ ಮೂರು ವಾರ ನಾನು ಮಗ್ಗಕ್ಕೆ ಕೈ ಹಾಕೋದಿಲ್ಲ. ಈ ಸಂಬಂಧ ಕೂಡಿಬಂದರೂ ಹಾಕೋದಿಲ್ಲ, ತಪ್ಪಿಹೋದರೂ ಹಾಕೋದಿಲ್ಲ."